ತೋಟಾದ ಆಯ್ಕೆಯೂ ಸಮಾರಂಭದ ಹಿಂಸೆಯೂ

ಕನ್ನಡದ ಬಳಕೆಯಲ್ಲಿ ‘ಸಮಾರಂಭ’ವೆಂದರೆ ಮದುವೆ, ಉದ್ಘಾಟನೆ, ಸನ್ಮಾನಗಳ ಸಡಗರ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅದೇ ಶಬ್ದಕ್ಕೆ ಸಡಗರವಿಲ್ಲದ ಬೇರೊಂದು ಅರ್ಥವುಂಟು. ಒಂದು ಕೃತ್ಯವನ್ನು ಮಾಡಬೇಕೆಂದು ಮನಸ್ಸು ನಿಶ್ಚಯಿಸುವುದು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಒದಗಿಸಿಕೊಳ್ಳುವುದು ಸಮಾರಂಭ. ಕೃತ್ಯಕ್ಕೆ ಕೈಹಚ್ಚುವುದು ಆರಂಭ. ಈ ಮೂರನ್ನು ಮನ-ವಚನ-ಕಾಯಗಳೆಂಬ ಮೂರು ಯೋಗಗಳಿಂದಲೂ, ತಾನೇ ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದವನನ್ನು ಅನುಮೋದಿಸುವುದು ಎಂಬ ಮೂರರಿಂದಲೂ, ಕ್ರೋಧಾದಿ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳನ್ನು ಎಣಿಸುವವರಿಗೆ ಈ ಲೆಕ್ಕ ಹೊಸದಲ್ಲ. ಆದರೆ ಈ 108ರಲ್ಲಿ 36 ಭೇದಗಳು ಕೇವಲ ಸಮಾರಂಭಕ್ಕೆ ಸೇರಿದವೆಂಬುದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಹಿಂಸೆಯ ವಿಚಾರ ಬಂದಾಗ ಮನಸ್ಸಿನ ದ್ವೇಷವನ್ನೂ ಕೈಯ ಕೃತ್ಯವನ್ನೂ ಎಲ್ಲರೂ ಪರೀಕ್ಷಿಸುತ್ತಾರೆ. ಅವೆರಡರ ನಡುವಣ ಸಿದ್ಧತೆಯನ್ನು ವಿಚಾರಿಸುವವರು ವಿರಳ.

ಈ ನಡುವಣ ಸಿದ್ಧತೆಯನ್ನೇ ವಿಷಯವಾಗಿಸಿಕೊಂಡ ಒಂದು ಸಾಹಿತ್ಯಪ್ರಕಾರ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆಯಿತು. ಹೊಲಗಳಿಗೂ ಹುಲ್ಲುಗಾವಲುಗಳಿಗೂ ಉಪದ್ರವ ಕೊಡುವವೆಂದು ಎಣಿಸಲಾದ ಸಣ್ಣ ಪ್ರಾಣಿಗಳನ್ನು ಅತಿದೂರದಿಂದ ಹೊಡೆಯಲು ಕಿರಿದಾದ ನಳಿಗೆಯ ಯಾವ ರೈಫಲ್, ಆ ರೈಫಲ್ಲಿಗೆ ಯಾವ ತೋಟಾ ತಕ್ಕದ್ದು ಎಂಬುದೇ ಅದರ ಪ್ರಶ್ನೆ. ಸಿ. ಎಸ್. ಲ್ಯಾಂಡಿಸ್ 1947ರಲ್ಲಿ ಪಾಯಿಂಟ್ ಇಪ್ಪತ್ತೆರಡರ ಅಳತೆಯ ರೈಫಲ್ಲುಗಳನ್ನು ಕುರಿತೇ ಒಂದು ಗ್ರಂಥವನ್ನು ಹೊರತಂದರು. ಪಿ. ಒ. ಆಕ್ಲೆ ಎಂಬ ಬಂದೂಕು ತಯಾರಕರ ಕೈಪಿಡಿ 1962ರಲ್ಲಿ ಪ್ರಕಟವಾಗಿ, ಈ ಹವ್ಯಾಸದವರಿಗೆ ಪ್ರಮಾಣಗ್ರಂಥವೇ ಆಯಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇಂಥ ಬರಹಗಳನ್ನು ಮುಟ್ಟದೆ ಬದಿಗಿಡುವುದು ಸುಲಭ. ಆದರೆ ಓದದೆ ಖಂಡಿಸುವುದು ವಿಮರ್ಶೆಯಲ್ಲ. ಸಮಾರಂಭದ ಹಿಂಸೆ ಹೇಗೆ ನಡೆಯುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬರಹ ಬೇರೊಂದು ದೊರೆಯುವುದೂ ಕಷ್ಟ.

ಈ ವಿದ್ಯೆಯ ತಿರುಳು ಬೆಂಗಳೂರಿನ ರಾಜಗೋಪಾಲನಗರದವರಿಗೆ ಬೇಗ ತಿಳಿಯುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಈ ಬಡಾವಣೆಯಲ್ಲಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಸಣ್ಣ ಕಾರ್ಯಾಗಾರಗಳು ಮನೆಗಳ ನಡುವೆಯೇ ಇವೆ. ಕೊರೆದ ರಂಧ್ರವನ್ನು ನಿಖರವಾದ ಅಳತೆಗೆ ತರುವ ರೀಮರ್ ಅಲ್ಲಿನ ಕೆಲಸಗಾರನಿಗೆ ನಿತ್ಯದ ಉಪಕರಣ. ರೈಫಲ್ಲಿನ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡನ್ನು ಅದರ ಆಕಾರಕ್ಕೆ ತರುವುದೂ ಅಂಥದೇ ರೀಮರ್. ಕಾರ್ಖಾನೆಗಳು ತಯಾರಿಸಿ ಮಾರುವ ತೋಟಾಗಳಿಗೆ ಗೂಡಿನ ಅಳತೆ ನಿಶ್ಚಿತವಾಗಿರುತ್ತದೆ. ಹವ್ಯಾಸಿಯೊಬ್ಬನು ಆ ಅಳತೆಯಿಂದ ತೃಪ್ತನಾಗದೆ, ಹಿತ್ತಾಳೆಯ ಕೋಶದ ಕತ್ತನ್ನು ಕಿರಿದುಗೊಳಿಸಿ, ಹೆಗಲಿನ ಓರೆಯನ್ನು ಬದಲಿಸಿ, ಅದಕ್ಕೊಪ್ಪುವ ರೀಮರನ್ನು ಬೇರೆಯಾಗಿ ಮಾಡಿಸಿ ಹೊಸ ಗೂಡನ್ನು ಕೊರೆಸಿದರೆ, ಯಾವ ಅಂಗಡಿಯಲ್ಲಿಯೂ ದೊರೆಯದ ಆ ಸ್ವಂತ ತೋಟಾಕ್ಕೆ ‘ವೈಲ್ಡ್‌ಕ್ಯಾಟ್’, ಎಂದರೆ ಕಾಡುಬೆಕ್ಕು, ಎಂದು ಹೆಸರು.

ಈ ಕಾಡುಬೆಕ್ಕುಗಳ ಚರಿತ್ರೆ ಸ್ವಾರಸ್ಯವಾಗಿಯೇ ಇದೆ. 1920ರ ದಶಕದ ಪ್ರಯೋಗಗಳಿಂದ ಬಂದ ‘ಹಾರ್ನೆಟ್’ ತೋಟಾವನ್ನು 1930ರಲ್ಲಿ ವಿಂಚೆಸ್ಟರ್ ಕಂಪನಿ ಮಾರಾಟಕ್ಕೆ ತಂದಿತು. 1935ರಲ್ಲಿ ಅದೇ ಕಂಪನಿಯ ‘ಸ್ವಿಫ್ಟ್’ ಸೆಕೆಂಡಿಗೆ 4000 ಅಡಿಯ ವೇಗವನ್ನು ದಾಟಿತು. ಸ್ಯಾವೇಜ್ ಕಂಪನಿಯ ದೊಡ್ಡ ತೋಟಾದ ಕತ್ತನ್ನು ಪಾಯಿಂಟ್ ಇಪ್ಪತ್ತೆರಡಕ್ಕೆ ಇಳಿಸಿ ಹವ್ಯಾಸಿಗಳು 1930ರ ದಶಕದಲ್ಲಿ ರೂಪಿಸಿದ ಒಂದು ಕಾಡುಬೆಕ್ಕು ಮೂರು ದಶಕ ಅಂಗಡಿಯ ಹೊರಗೇ ಉಳಿದು, 1965ರಲ್ಲಿ ರೆಮಿಂಗ್ಟನ್ ಕಂಪನಿಯ ಅಧಿಕೃತ ಸರಕಾಯಿತು. 1971ರಲ್ಲಿ ಅದೇ ಕಂಪನಿ ಇನ್ನೂ ಕಿರಿದಾದ ಪಾಯಿಂಟ್ ಹದಿನೇಳರ ತೋಟಾವನ್ನು ತಂದಿತು. ಅದರ ಗುಂಡಿನ ತೂಕ 25 ಗ್ರೇನ್, ಎಂದರೆ ಸುಮಾರು 1.6 ಗ್ರಾಂ. ಚಿನಿವಾರರ ತಕ್ಕಡಿಯಲ್ಲಿ ಅದು ಹೆಚ್ಚುಕಡಿಮೆ ಹದಿಮೂರು ಗುಲಗಂಜಿಯ ತೂಕ. ಒಂದು ಸಣ್ಣ ಉಂಗುರಕ್ಕೂ ಸಾಲದ ಅಷ್ಟು ಲೋಹ ಶಬ್ದದ ಮೂರು ಪಟ್ಟಿಗೂ ಮೀರಿದ ವೇಗದಲ್ಲಿ ಹೋಗಿ ಒಂದು ಜೀವವನ್ನು ಕಳೆಯುತ್ತದೆ.

ಆಯ್ಕೆಯ ತರ್ಕವನ್ನು ಈ ಗ್ರಂಥಗಳು ಒಳ್ಳೆಯ ವ್ಯಾಪಾರಿಯ ಜಮಾ-ಖರ್ಚಿನ ಪುಸ್ತಕದಂತೆ ಬರೆಯುತ್ತವೆ. ಜಮೆಯ ಬದಿಯಲ್ಲಿ: ಹಗುರವಾದ ಗುಂಡು ಅತಿವೇಗದಲ್ಲಿ ಹೋದರೆ ಅದರ ಪಥ ಹೆಚ್ಚು ಬಾಗದು, ಆದ್ದರಿಂದ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ತಪ್ಪದು, ತೆಳುವಾದ ಹೊದಿಕೆಯ ಗುಂಡು ತಗುಲಿದೊಡನೆ ಚೂರಾಗುವುದರಿಂದ ಕಲ್ಲಿಗೆ ಬಡಿದು ಬೇರೆಡೆಗೆ ಹಾರುವ ಅಪಾಯ ಕಡಿಮೆ, ಸಣ್ಣ ತೋಟಾದ ಹಿನ್ನೊದೆತವೂ ಕಡಿಮೆ. ಖರ್ಚಿನ ಬದಿಯಲ್ಲಿ: ಹಗುರವಾದ ಗುಂಡನ್ನು ಗಾಳಿ ಬೇಗ ಪಕ್ಕಕ್ಕೆ ತಳ್ಳುತ್ತದೆ, ಕಿರಿದಾದ ರಂಧ್ರದಲ್ಲಿ ಅತಿಯಾಗಿ ಮದ್ದು ಸುಟ್ಟರೆ ನಳಿಗೆಯ ಕಂಠ ಬೇಗ ಸವೆಯುತ್ತದೆ, ಮಸಿ ಬೇಗ ಕಟ್ಟುತ್ತದೆ, ಪ್ರತಿಯೊಂದು ಕೋಶವನ್ನೂ ಕೈಯಿಂದಲೇ ರೂಪಿಸಬೇಕಾಗುತ್ತದೆ. ಈ ಲೆಕ್ಕದಲ್ಲಿ ಮೋಸವಿಲ್ಲ. ಆಕ್ಲೆಯವರು ಬಂದೂಕುಗಳು ಒಡೆಯುವವರೆಗೂ ಪರೀಕ್ಷಿಸಿ ಫಲವನ್ನು ದಾಖಲಿಸಿದವರು. ಅಳತೆಯಲ್ಲಿ ಇಷ್ಟು ಪ್ರಾಮಾಣಿಕತೆಯುಳ್ಳ ಬರಹವನ್ನು ಅಜ್ಞಾನದ ಬರಹವೆಂದು ತಳ್ಳಿಹಾಕುವಂತಿಲ್ಲ. ಆದರೆ ನಳಿಗೆಯ ಸವೆತಕ್ಕೂ ಮದ್ದಿನ ವೆಚ್ಚಕ್ಕೂ ಖಾತೆಯಿರುವ ಈ ಪುಸ್ತಕದಲ್ಲಿ, ಯಾವ ಜೀವದ ಮೇಲೆ ಇಷ್ಟೆಲ್ಲ ಪ್ರಯೋಗವೋ ಆ ಜೀವದ ಹೆಸರಿಗೆ ಒಂದು ಖಾತೆಯೂ ತೆರೆದಿಲ್ಲ.

ಇದು ಕೇವಲ ಮರೆವಲ್ಲ. ಭಾಷೆಯೇ ಆ ದಾರಿಯಲ್ಲಿ ನಡೆದಿದೆ. ಈ ಸಾಹಿತ್ಯದಲ್ಲಿ ತೋಟಾಕ್ಕೆ ಬಾಯಿ, ಕತ್ತು, ಹೆಗಲು, ಮೈ ಎಂಬ ಅವಯವಗಳಿವೆ. ಯಾವ ಕೋಶದಿಂದ ಅದು ರೂಪುಗೊಂಡಿತೋ ಅದನ್ನು ಅದರ ಜನಕನೆಂದು ಕರೆಯುವುದರಿಂದ ತೋಟಾಕ್ಕೆ ವಂಶಾವಳಿಯೂ ಇದೆ. ಕಣಜ, ಜೇನು, ಕಾಡುಬೆಕ್ಕು ಎಂಬ ಜೀವಿಗಳ ಹೆಸರುಗಳೆಲ್ಲ ತೋಟಾಗಳಿಗೆ ಸಂದಿವೆ. ಅತ್ತ ಬಿಲ ತೋಡಿಕೊಂಡು ಬಾಳುವ ವುಡ್‌ಚಕ್, ಹುಲ್ಲುಗಾವಲಿನ ಪ್ರೇರಿ ಡಾಗ್, ಕಾಗೆ, ಕಯೋಟಿ ಎಲ್ಲವೂ ಒಟ್ಟಾಗಿ ‘ವಾರ್ಮಿಂಟ್’ ಎಂಬ ಒಂದೇ ಪದದೊಳಗೆ ಸೇರಿಹೋಗಿವೆ. ಆ ಪದದ ಮೂಲ ಹುಳು ಎಂಬರ್ಥದ ಲ್ಯಾಟಿನ್ ಶಬ್ದ. ಅಜೀವಕ್ಕೆ ಜೀವದ ಹೆಸರನ್ನೂ, ಪಂಚೇಂದ್ರಿಯ ಜೀವಕ್ಕೆ ಹುಳುವಿನ ಹೆಸರನ್ನೂ ಕೊಡುವ ಈ ವಿಪರ್ಯಾಸವನ್ನು ಜೀವಾಜೀವ ವಿವೇಕವನ್ನು ಮೊದಲ ಪಾಠವಾಗಿ ಕಲಿತವರು ಗಮನಿಸದಿರಲಾರರು. ಹಾಗೆ ಹುಳುವಾದ ಪ್ರೇರಿ ಡಾಗ್‌ಗಳನ್ನು ವಿಷವಿಟ್ಟು ಅಳಿಸಿದ ಫಲವಾಗಿ, ಅವನ್ನೇ ಆಹಾರವಾಗಿ ನಂಬಿದ್ದ ಕಪ್ಪುಪಾದದ ಫೆರೆಟ್ ಎಂಬ ಪ್ರಾಣಿ ನಿರ್ವಂಶವಾಯಿತೆಂದೇ ಬಗೆಯಲಾಗಿತ್ತು. 1981ರಲ್ಲಿ ವಯೋಮಿಂಗ್ ಸೀಮೆಯಲ್ಲಿ ಕೆಲವು ಮಾತ್ರ ಉಳಿದಿರುವುದು ಕಂಡುಬಂತು.

ಸಾಧನವೇ ಸಾಧ್ಯವಾಗಿಬಿಟ್ಟದ್ದಕ್ಕೆ ಆಕ್ಲೆಯವರ ಒಂದು ವಿನೋದವೇ ಸಾಕ್ಷಿ. ಸೆಕೆಂಡಿಗೆ 5000 ಅಡಿಯ ವೇಗವನ್ನು ಮುಟ್ಟಬೇಕೆಂದು, ಆನೆಯಂಥ ಪ್ರಾಣಿಗಳಿಗೆಂದು ಮಾಡಿದ್ದ ಭಾರಿ ತೋಟಾದ ಕತ್ತನ್ನು ಪಾಯಿಂಟ್ ಇಪ್ಪತ್ತೆರಡಕ್ಕೆ ಇಳಿಸಿ, ಕಿವಿ ಸೀಳುವ ಮಹಾಗರ್ಜನೆ ಎಂಬರ್ಥ ಬರುವಂತೆ ‘ಇಯರ್‌ಗೆಸ್ಪ್ಲಿಟನ್ ಲೌಡನ್‌ಬೂಮರ್’ ಎಂಬ ನಗೆಯ ಹೆಸರನ್ನು ಅದಕ್ಕಿಟ್ಟರು. ವೇಗ 4600 ಅಡಿಯ ಆಸುಪಾಸಿನಲ್ಲಿಯೇ ನಿಂತಿತು. ಇಲ್ಲಿ ಹೊಲವಿಲ್ಲ, ಬೆಳೆಯಿಲ್ಲ, ಉಪದ್ರವಿ ಪ್ರಾಣಿಯೂ ಇಲ್ಲ. ಸಂಖ್ಯೆಯೊಂದನ್ನು ಮುಟ್ಟುವ ಆಸೆ ಮಾತ್ರ ಉಳಿದಿದೆ. ನಾಲ್ಕು ಕಷಾಯಗಳಲ್ಲಿ ಕ್ರೋಧವಿಲ್ಲದೆಯೂ ಮಾನ ಮತ್ತು ಲೋಭಗಳಿಂದ ಸಮಾರಂಭ ನಡೆಯಬಹುದೆಂದು ಆಚಾರ್ಯರು ಗುಣಿಸಿ ತೋರಿಸಿದ್ದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡದ ಬೇಟೆಯ ಸಾಹಿತ್ಯ ಈ ಮಾದರಿಯದಲ್ಲ. ಅದನ್ನು ಪರೀಕ್ಷಿಸಲು ರಾಜಗೋಪಾಲನಗರದಿಂದ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಪೀಣ್ಯದ ನೆರೆಯ ಜಾಲಹಳ್ಳಿಯ ಚಿರತೆಯೊಂದರ ಕಥೆಯಿದೆ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಕಥೆಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಒಂದು ಸಂಪುಟಕ್ಕೆ ‘ಜಾಲಹಳ್ಳಿಯ ಕುರ್ಕ’ ಎಂದೇ ಹೆಸರಿಟ್ಟರು. 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ ನೆಲೆಯೂರಿದ್ದೂ ಅದೇ ಜಾಲಹಳ್ಳಿಯಲ್ಲಿ. ಚಿರತೆಯ ಪೊದೆಗಳಿದ್ದ ಸೀಮೆ ಒಂದೇ ತಲೆಮಾರಿನಲ್ಲಿ ಲೇತ್ ಯಂತ್ರಗಳ ಸೀಮೆಯಾಯಿತು.

ಆ ಚಿರತೆ ನರಭಕ್ಷಕವಲ್ಲ. ಮನುಷ್ಯರಿಂದ ಗಾಯಗೊಂಡು, ಪ್ರಾಣಭಯದಿಂದ ಮನುಷ್ಯರ ಮೇಲೆರಗಿದ ಪ್ರಾಣಿ. ಆಂಡರ್ಸನ್ ಬಳಸುತ್ತಿದ್ದುದು ನಾಲ್ಕುನೂರ ಐದರ ವಿಂಚೆಸ್ಟರ್ ರೈಫಲ್ ಎಂಬುದು ಅವರ ಓದುಗರಿಗೆ ಗೊತ್ತು. ಆದರೂ ಕಥೆ ಮುಗಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದು ಚಿರತೆ, ರೈಫಲ್ಲಲ್ಲ. ಜಿಮ್ ಕಾರ್ಬೆಟ್ಟರ 1944ರ ಪುಸ್ತಕದಲ್ಲಿಯೂ ಹಾಗೆಯೇ. 436 ಮಂದಿಯನ್ನು ಕೊಂದಿತೆಂದು ಲೆಕ್ಕವಿಟ್ಟ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದ ಬಳಿಕ ಅವರು ಮಾಡಿದ ಮುಖ್ಯ ಕೆಲಸವೆಂದರೆ ಅದರ ಬಾಯನ್ನು ಪರೀಕ್ಷಿಸಿದ್ದು. ಹಿಂದೆಂದೋ ಯಾರೋ ಹಾರಿಸಿದ ಗುಂಡಿನಿಂದ ಅದರ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು. ತನ್ನ ಸಹಜ ಆಹಾರವನ್ನು ಹಿಡಿಯಲಾರದೆ ಅದು ನರಭಕ್ಷಕವಾಯಿತೆಂದು ಅವರು ಕಾರಣವನ್ನು ಕಂಡರು. ಆ ಸಾಹಸಕ್ಕಾಗಿ ಅವರಿಗೆ ಬಹುಮಾನವಾಗಿ ಬಂದ ರಿಗ್ಬಿ ರೈಫಲ್ ಸಣ್ಣ ಅಳತೆಯದೇ. ಆದರೆ ಅವರ ಬರಹದ ವಿಷಯ ಆ ರೈಫಲ್ಲಲ್ಲ, ಪ್ರಾಣಿಗೆ ಆದ ಗಾಯ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳಿದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಚಿತ್ತವನ್ನು ಕಲುಷಿತಗೊಳಿಸುವ ಬರಹವನ್ನು ಓದುವುದೂ ಕೇಳುವುದೂ ದುಃಶ್ರುತಿ. ಚಿತ್ತವನ್ನು ಕಲಕುವ ಕಾರಣಗಳಲ್ಲಿ ಸಾಹಸವನ್ನೂ ಆಚಾರ್ಯರು ಎಣಿಸಿದ್ದಾರೆ. ಆದ್ದರಿಂದ ಆಂಡರ್ಸನ್, ಕಾರ್ಬೆಟ್ಟರ ಕಥೆಗಳು ಸಂಪೂರ್ಣ ನಿರ್ದೋಷವೆಂದು ಹೇಳುವಂತಿಲ್ಲ. ರೋಮಾಂಚನ ಅವುಗಳ ಉಸಿರೇ ಆಗಿದೆ. ಆದರೂ ಅವುಗಳ ಓದು ಪ್ರಾಣಿಗೆ ಆದ ಅನ್ಯಾಯದ ಅರಿವನ್ನು, ಒಂದು ಪ್ರಮಾದದ ಗುಂಡಿನ ಫಲ ಎಷ್ಟು ಮನೆಗಳನ್ನು ಮುಟ್ಟಿತೆಂಬ ಅರಿವನ್ನು ಉಳಿಸುತ್ತದೆ. ತೋಟಾದ ಆಯ್ಕೆಯ ಸಾಹಿತ್ಯಕ್ಕೆ ಸಾಹಸದ ದೋಷವಿಲ್ಲ, ಏಕೆಂದರೆ ಮುನ್ನೂರು ಗಜ ದೂರದ ವುಡ್‌ಚಕ್ ಯಾರ ಮೇಲೂ ಎರಗಲಾರದು. ಆದರೆ ಕರುಣೆಗೆ ಎಡೆಯಾಗಬಲ್ಲ ಗಾಯವೂ ಅಲ್ಲಿ ಕಾಣುವುದಿಲ್ಲ. ರಕ್ತವಿಲ್ಲದೆ, ದ್ವೇಷವಿಲ್ಲದೆ, ಕೋಷ್ಟಕಗಳ ನಡುವೆ ಹಿತವಾಗಿ ಸಾಗುವ ಆ ಓದೇ ಹೆಚ್ಚು ಸೂಕ್ಷ್ಮವಾದ ದುಃಶ್ರುತಿ.

ಪ್ರಾಣಿಯೇ ಇಲ್ಲದ ಕಾಗದದ ಮೇಲಿನ ಲೆಕ್ಕದಲ್ಲಿ ಹಿಂಸೆ ಎಲ್ಲಿಂದ ಬಂತೆಂದು ಕೇಳಬಹುದು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆ ಈ ಪ್ರಶ್ನೆಗೇ ಬರೆದ ಉತ್ತರದಂತಿದೆ. ಜೀವವಧೆಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತರಿಸಿದ್ದು ಹಿಟ್ಟು, ಆದರೆ ಕತ್ತಿ ಹಿಡಿದಾಗ ಮನಸ್ಸಿನಲ್ಲಿದ್ದುದು ಕೋಳಿ. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಕಾಗದದ ಗುರಿಗೆ ಮಾತ್ರ ಹೊಡೆಯುವ ಕ್ರೀಡಾಪಟುವಿಗೆ ಈ ದೃಷ್ಟಾಂತ ಅನ್ವಯಿಸದು, ಏಕೆಂದರೆ ಅವನ ಮನಸ್ಸಿನಲ್ಲಿರುವುದು ವೃತ್ತಗಳೇ. ಆದರೆ ಪ್ರಾಣಿಯ ಮೈಯಲ್ಲಿ ಗುಂಡು ಹೇಗೆ ಒಡೆಯಬೇಕೆಂದು ಊಹಿಸಿ ಕತ್ತು, ಹೆಗಲುಗಳ ಓರೆಯನ್ನು ಗೀಚುವವನು ಹಿಟ್ಟನ್ನು ಕಲಸುತ್ತಿದ್ದಾನೆ.

ಎದುರುಪಕ್ಷದಲ್ಲಿ ಗಟ್ಟಿಯಾದ ವಾದಗಳು ಎರಡು. ಮೊದಲನೆಯದು, ಸರಿಯಾದ ತೋಟಾ ಒಂದೇ ಏಟಿಗೆ ಕೊಲ್ಲುತ್ತದೆ, ತಪ್ಪಾದುದು ನರಳಿಸುತ್ತದೆ ಎಂಬುದು. ಚಂಪಾವತದ ಹುಲಿಯ ಮುರಿದ ಹಲ್ಲು ಈ ವಾದಕ್ಕೇ ಬಲ ಕೊಡುತ್ತದೆ. ಪ್ರಮತ್ತಯೋಗದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ಸೂತ್ರಕಾರರು ಹೇಳಿರುವಾಗ ಜಾಗರೂಕತೆಗೆ ಬೆಲೆಯಿಲ್ಲವೆಂದು ಯಾರೂ ಹೇಳಲಾರರು. ಆದರೆ ಸೂತ್ರದ ಪ್ರಮಾದವೆಂದರೆ ಕೈಯ ಅಜಾಗರೂಕತೆ ಮಾತ್ರವಲ್ಲ, ಕಷಾಯಕ್ಕೆ ವಶವಾದ ಮನಸ್ಸು. ಕೈಯಲ್ಲಿ ಪೂರ್ಣ ಎಚ್ಚರವಿದ್ದು ಮನಸ್ಸು ವಿನೋದದಲ್ಲಿ ಮೈಮರೆತಿದ್ದರೆ ಪ್ರಮಾದ ಹೋದಂತಾಗದು. ಮೇಲಾಗಿ, ನರಳಿಕೆಯನ್ನು ತಪ್ಪಿಸುವುದೇ ಉದ್ದೇಶವಾಗಿದ್ದರೆ ಹತ್ತಿರದಿಂದ ಹೊಡೆಯುವುದೇ ಮೇಲು. ದೂರವನ್ನು ಹೆಚ್ಚಿಸುವ ಪ್ರತಿಯೊಂದು ಆಸೆಯೂ ಗುರಿ ತಪ್ಪುವ ಸಂಭವವನ್ನು ಹೆಚ್ಚಿಸುತ್ತದೆ.

ಎರಡನೆಯದು ರೈತನ ವಾದ, ಮತ್ತು ಇದು ಇನ್ನೂ ಗುರುತರವಾದುದು. ಮಲೆನಾಡಿನ ಗದ್ದೆಗೆ ಒಂದು ರಾತ್ರಿ ನುಗ್ಗಿದ ಹಂದಿಗಳು ವರ್ಷದ ಕೂಳನ್ನು ಕಳೆಯುತ್ತವೆ. ಪೇಟೆಯಲ್ಲಿ ಕುಳಿತು ಅಕ್ಕಿ ಕೊಳ್ಳುವವರು ಅವನಿಗೆ ಉಪದೇಶಿಸುವುದು ಸುಲಭ. ಜೈನಧರ್ಮವೂ ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಸಂಕಲ್ಪೀ ಹಿಂಸೆಯ ತ್ಯಾಗವನ್ನು ಮಾತ್ರ ಮೊದಲು ವಿಧಿಸಿತು. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನು ಸೇನಾಪತಿಯೂ ಆಗಿದ್ದನು. ಆದರೆ ವಿರೋಧೀ ಹಿಂಸೆಯೆಂಬ ರಿಯಾಯಿತಿ ಬೇಲಿ, ಕಂದಕ, ರಾತ್ರಿಕಾವಲು, ಅರಣ್ಯ ಇಲಾಖೆಯ ಬೆಳೆಹಾನಿ ಪರಿಹಾರ ಮೊದಲಾದ ಉಪಾಯಗಳೆಲ್ಲ ಮುಗಿದ ಮೇಲಿನದು. ಶಾಸನದ ದೃಷ್ಟಿಯೂ ಇದಕ್ಕೆ ಸಮೀಪವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿ, ಪ್ರಾಣಕ್ಕೋ ನಿಂತ ಬೆಳೆಗೋ ಅಪಾಯವಾದಾಗ ಅಧಿಕಾರಿಯ ಲಿಖಿತ ಅನುಮತಿಯ ದಾರಿಯನ್ನು ಮಾತ್ರ ಉಳಿಸಿತು. ಕಾಗೆ, ಬಾವಲಿ, ಇಲಿಗಳನ್ನು ಉಪದ್ರವಿಗಳೆಂದು ಹೆಸರಿಸಿದ್ದ ಅದರ ಐದನೆಯ ಅನುಸೂಚಿಯನ್ನು 2022ರ ತಿದ್ದುಪಡಿ ಕೈಬಿಟ್ಟಿತು. ಪ್ರಾಣಿಯೊಂದನ್ನು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಉಪದ್ರವಿಯೆಂದು ಘೋಷಿಸುವ ಅಧಿಕಾರ ಮಾತ್ರ ಕೇಂದ್ರ ಸರ್ಕಾರಕ್ಕೆ ಉಳಿದಿದೆ.

ಇಷ್ಟಾದರೂ ರಾಜಗೋಪಾಲನಗರದ ಶ್ರಾವಕನಿಗೆ ಇದರಲ್ಲಿ ಏನು ಸಂಬಂಧವೆಂಬ ಪ್ರಶ್ನೆ ಉಳಿಯುತ್ತದೆ. ಅವನು ಬಂದೂಕು ಮುಟ್ಟಿದವನಲ್ಲ. ಉಕ್ಕಿನ ಸರಳುಗಳನ್ನು ಮಾರುವವನು, ಇಲ್ಲವೆ ಕಾರ್ಯಾಗಾರಕ್ಕೆ ಬಂಡವಾಳ ಹೂಡಿದವನು. ಒಂದು ದಿನ ಅಳತೆಗಳು ಮಾತ್ರವಿರುವ, ಉದ್ದೇಶ ಬರೆಯದಿರುವ ರೀಮರಿನ ನಕ್ಷೆಯೊಂದು ಅಂಥ ಕಾರ್ಯಾಗಾರಕ್ಕೆ ಬರಬಹುದು. ಕೂಲಿ ಹೆಚ್ಚು, ಕೆಲಸ ಸೊಗಸು, ನಿಖರತೆ ಕೆಲಸಗಾರನ ಹೆಮ್ಮೆಗೆ ತಕ್ಕದ್ದು. ಆಗ ಕೇಳಬೇಕಾದ ಪ್ರಶ್ನೆಯನ್ನು ಶಾಸನವೂ ಶಾಸ್ತ್ರವೂ ಒಂದೇ ಬಗೆಯಾಗಿ ಕೇಳುತ್ತವೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯಿಲ್ಲದೆ ಬಂದೂಕನ್ನೂ ಮದ್ದುಗುಂಡನ್ನೂ ತಯಾರಿಸುವುದನ್ನು, ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಶಸ್ತ್ರವೆಂಬ ಪದದ ವ್ಯಾಖ್ಯೆಯಲ್ಲಿ ಬಿಡಿಭಾಗಗಳನ್ನೂ ಅವನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸುತ್ತದೆ. ತತ್ತ್ವಾರ್ಥಸೂತ್ರವು ಆಸ್ರವದ ಆಧಾರಗಳಲ್ಲಿ ಅಜೀವವನ್ನೂ ಎಣಿಸಿ, ಉಪಕರಣವನ್ನು ನಿರ್ಮಿಸುವ ನಿರ್ವರ್ತನೆಯನ್ನೂ, ಒಂದಕ್ಕೊಂದನ್ನು ಜೋಡಿಸುವ ಸಂಯೋಗವನ್ನೂ ಹೆಸರಿಸುತ್ತದೆ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿಷವಾಣಿಜ್ಯವನ್ನು ವಿವರಿಸುವಾಗ ವಿಷದ ಜೊತೆಗೆ ಅಸ್ತ್ರ, ಯಂತ್ರ, ಕಬ್ಬಿಣಗಳನ್ನೂ ಸೇರಿಸಿದ್ದು ಕಬ್ಬಿಣದ ವ್ಯಾಪಾರಿಗೆ ಹಿತವಾದ ಮಾತಲ್ಲ. ಎಲ್ಲ ಕಬ್ಬಿಣವನ್ನೂ ಬಿಡಬೇಕೆಂಬ ಅರ್ಥದಲ್ಲಿ ಅದನ್ನು ಇಂದು ಯಾರೂ ಓದುವುದಿಲ್ಲ. ಆದರೆ ಎಲ್ಲಿಗೆ ಹೋಗುವ ಕಬ್ಬಿಣವೆಂದು ಕೇಳುವ ಹೊಣೆ ಮಾರುವವನಿಗೂ ಉಂಟೆಂಬ ಅರ್ಥ ಅದರಲ್ಲಿ ಇದ್ದೇ ಇದೆ. ಕೃತ, ಕಾರಿತ, ಅನುಮತಗಳೆಂಬ ಮೂರರಲ್ಲಿ ‘ಕೆಲಸ ನನ್ನದು, ಉದ್ದೇಶ ಅವನದು’ ಎಂಬ ನಾಲ್ಕನೆಯ ಮನೆಯನ್ನು ಆಚಾರ್ಯರು ಕಟ್ಟಿಲ್ಲ.

ಹಾಗಾದರೆ ಅಗತ್ಯದ ಸಾಧನವನ್ನೂ ವಿನೋದದ ಸಾಧನವನ್ನೂ ಬೇರ್ಪಡಿಸುವ ಒರೆಗಲ್ಲು ಯಾವುದು? ಬೆಳೆಯನ್ನು ಕಾಯುವವನಿಗೆ ಗಟ್ಟಿಯಾದ ಬೇಲಿ ಸಿಕ್ಕಿ ಹಂದಿಗಳು ಬಾರದೆ ಹೋದರೆ, ಅವನು ಕೋವಿಯನ್ನು ಅಟ್ಟಕ್ಕೇರಿಸಿ ಮರೆಯುತ್ತಾನೆ. ಅವನಿಗೆ ಬೇಕಾಗಿದ್ದುದು ಬೆಳೆ. ತೋಟಾದ ಆಯ್ಕೆಯಲ್ಲಿ ಮುಳುಗಿದವನಿಗೆ ಅದೇ ಬೇಲಿ ಸಿಕ್ಕಿದರೆ ನಿರಾಸೆಯಾಗುತ್ತದೆ. ಅವನು ಬೇರೊಂದು ಹೊಲವನ್ನು ಹುಡುಕಿಕೊಂಡು ಹೋಗುತ್ತಾನೆ, ಇಲ್ಲವೆ ಇನ್ನೊಂದು ಅಳತೆಯ ತೋಟಾವನ್ನು ಗೀಚತೊಡಗುತ್ತಾನೆ. ಪ್ರಾಣಿ ದೂರವಾದಾಗ ಸಮಾಧಾನವಾಯಿತೋ ನಿರಾಸೆಯಾಯಿತೋ ಎಂದು ಅವನು ತನ್ನನ್ನೇ ಕೇಳಿಕೊಂಡರೆ, ಯಾವ ಕೈಪಿಡಿಯೂ ತೆರೆಯದ ಆ ಖಾತೆಯ ಮೊದಲ ಸಾಲನ್ನು ಬರೆದಂತಾಗುತ್ತದೆ.